ನಾಡಿದ್ದು ಗ್ಯಾರಂಟಿ

ನಮ್ಮ ಬೀದಿಯ ಟೈಲರ್ ಹತ್ತಿರ ವಾರಕ್ಕೆ ಎರಡೇ ದಿನ. ನಾಳೆ ಮತ್ತು ನಾಡಿದ್ದು. "ನಾಳೆ ಬನ್ನಿ" ಅಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ. "ನಾಡಿದ್ದು ಗ್ಯಾರಂಟಿ" ಅಂದರೆ ಬಟ್ಟೆ ಯಾವ ಗಂಟಿನಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ. ಮಗಳ ಲಂಗಕ್ಕಾಗಿ ಮೂರನೇ ಸಲ ಹೋಗಿ ಬರಿಗೈಯಲ್ಲಿ ಬಂದ ದಿನ ಅವಳು ಕೇಳಿದಳು, "ಅಪ್ಪಾ, ನಾಡಿದ್ದು ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ?"

"ದಿ ಡೇ ಆಫ್ಟರ್ ಟುಮಾರೋ."

ಬೆರಳು ಮಡಚಿ ಎಣಿಸಿದಳು. "ನಮ್ಮದು ಒಂದು, ಅವರದು ನಾಲ್ಕಾ?"

ಹಿಂದೆ ಅವರ ಹತ್ತಿರವೂ ಒಂದೇ ಪದ ಇತ್ತು. ಓವರ್‌ಮಾರೋ. ಮಾರೋ ಅಂದರೆ ಮೂಲದಲ್ಲಿ ಬೆಳಗ್ಗೆ. ನಾಳೆಯ ಬೆಳಗನ್ನು ದಾಟಿದರೆ ಸಿಗುವ ದಿನ ಓವರ್‌ಮಾರೋ. ಜರ್ಮನ್ನರು ಇವತ್ತಿಗೂ ಯೂಬರ್‌ಮೋರ್ಗನ್ ಅಂತ ಇದನ್ನು ದಿನಾ ಬಳಸುತ್ತಾರೆ. ಇಂಗ್ಲಿಷಿನವರು ಮಾತ್ರ ಎಲ್ಲೋ ಬೀಳಿಸಿಕೊಂಡರು.

ಈ ಪದ ಸಿಗುವುದು 1535ರಲ್ಲಿ ಅಚ್ಚಾದ ಮೈಲ್ಸ್ ಕವರ್‌ಡೇಲ್ ಅವರ ಬೈಬಲಿನಲ್ಲಿ. ಇಂಗ್ಲಿಷಿನಲ್ಲಿ ಪೂರ್ತಿ ಬೈಬಲ್ ಅಚ್ಚಾದದ್ದು ಅದೇ ಮೊದಲು. ಜರ್ಮನ್, ಲ್ಯಾಟಿನ್ ಬೈಬಲುಗಳನ್ನು ಮುಂದಿಟ್ಟುಕೊಂಡು ಅವರು ಅನುವಾದ ಮಾಡುತ್ತಿದ್ದರು. ಪದ ಬರುವ ಜಾಗ ಎಂಥದು ಅಂತೀರಿ, ಮೊದಲ ರಾತ್ರಿಯ ಕೋಣೆ!

ಕಥೆ ಆ ಬೈಬಲಿನೊಳಗಿನ ತೋಬಿತನ ಪುಸ್ತಕದ್ದು. ಸಾರಾ ಅನ್ನುವ ಹುಡುಗಿಗೆ ಏಳು ಮದುವೆ ಆಗಿದೆ. ಏಳೂ ಗಂಡಂದಿರನ್ನು ಮದುವೆಯ ರಾತ್ರಿಯೇ ಅಸ್ಮೋದೇಯಸ್ ಅನ್ನುವ ಪಿಶಾಚಿ ಕೊಂದಿದೆ. ಎಂಟನೆಯವನು ತೋಬಿಯಾಸ್. ಬರುವಾಗ ಮೀನಿನ ಪಿತ್ತಜನಕಾಂಗ ತಂದಿದ್ದಾನೆ. ಅದನ್ನು ಕೆಂಡದ ಮೇಲೆ ಹಾಕುತ್ತಾನೆ, ಪಿಶಾಚಿ ಈಜಿಪ್ಟಿಗೆ ಓಟ ಕೀಳುತ್ತದೆ. ಆ ವಾಸನೆಗೆ ಯಾರಿದ್ದರೂ ಓಡುತ್ತಿದ್ದರು ಬಿಡಿ. ಆಮೇಲೂ ಮದುಮಗ ಅವಸರ ಮಾಡುವುದಿಲ್ಲ. ಎದ್ದೇಳು ಸಾರಾ, ಇವತ್ತು, ನಾಳೆ, ನಾಡಿದ್ದು ದೇವರ ಪ್ರಾರ್ಥನೆ ಮಾಡೋಣ ಅನ್ನುತ್ತಾನೆ. ಆ ನಾಡಿದ್ದೇ ಓವರ್‌ಮಾರೋ. ಲ್ಯಾಟಿನ್ ಬೈಬಲಿನಲ್ಲಿ ಅಲ್ಲಿರುವ ಮಾತಿನ ಅರ್ಥ 'ಎರಡನೇ ನಾಳೆ'. ಇದು ನಮ್ಮ ಟೈಲರ್‌ಗೆ ಗೊತ್ತಾಗದಿರಲಿ, ಮೂರನೇ ನಾಳೆ, ನಾಲ್ಕನೇ ನಾಳೆ ಅಂತ ಶುರುಮಾಡಿಬಿಡುತ್ತಾರೆ.

1611ರ ಇನ್ನೊಂದು ಇಂಗ್ಲಿಷ್ ಅನುವಾದ, ಕಿಂಗ್ ಜೇಮ್ಸ್ ಬೈಬಲಿನಲ್ಲಿ ಇದೇ ಜಾಗ ತೆರೆದರೆ ಮೂರು ದಿನವೂ ಇಲ್ಲ, ಓವರ್‌ಮಾರೋನೂ ಇಲ್ಲ. ಅದರ ಅನುವಾದಕರು ಹಿಡಿದದ್ದು ಗ್ರೀಕ್ ಬೈಬಲನ್ನು. ಅದರಲ್ಲಿ ಮದುಮಗ ಸುಮ್ನೆ ಎದ್ದು ಪ್ರಾರ್ಥಿಸೋಣ ಅನ್ನುತ್ತಾನೆ, ಅಷ್ಟೇ. ಒಂದು ಪುಸ್ತಕದಲ್ಲಿ ಬಿಟ್ಟುಹೋದ ಮಾತ್ರಕ್ಕೆ ಪದ ಸಾಯುವುದಿಲ್ಲ. ಸಂತೆಯಲ್ಲಿ, ಸಾಲಗಾರನ ಬಾಯಲ್ಲಿ, ಟೈಲರ್ ಅಂಗಡಿಯಲ್ಲಿ ಓಡಾಡಿಕೊಂಡಿದ್ದರೆ ಬದುಕುತ್ತಿತ್ತು. ಓವರ್‌ಮಾರೋ ಜನರ ಬಾಯಿಗೆ ಹತ್ತಲೇ ಇಲ್ಲ.

ಹಿಂದಿಯವರ ಪಾಡು ಇನ್ನೊಂದು ಥರ. ಅವರಿಗೆ ನಿನ್ನೆಯೂ ಕಲ್, ನಾಳೆಯೂ ಕಲ್. ಮೊನ್ನೆಯೂ ನಾಡಿದ್ದೂ ಪರಸೋಂ. ಅಲ್ಲಿನ ಟೈಲರ್‌ಗಳಿಗೆ ಎಷ್ಟು ಅನುಕೂಲ ಅಲ್ವಾ! ಕೊಡುತ್ತೇನೆ ಅಂದರೋ ಕೊಟ್ಟಾಯಿತು ಅಂದರೋ ಅಂತ ಕ್ರಿಯಾಪದ ಬರುವ ತನಕ ಕಾಯಬೇಕು.

ನಿನ್ನೆ ಮತ್ತೆ ಅಂಗಡಿಗೆ ಹೋಗಿದ್ದೆ. ಲಂಗದ ಬಟ್ಟೆ ಸಿಕ್ಕಿದೆ. ಅಂಚಿಗೆ ಸೀಮೆಸುಣ್ಣದ ಗೆರೆಯೂ ಬಿದ್ದಿದೆ. "ಆಚೆ ನಾಡಿದ್ದು ತಗೊಂಡು ಹೋಗಿ ಸರ್" ಅಂದರು.

ಮನೆಗೆ ಬಂದು ಹೇಳಿದೆ. ಮಗಳು ಆಗಲೇ ಬೆರಳು ಮಡಚುತ್ತಿದ್ದಾಳೆ.