ಮಲಗೋದು ಲಗ್ಗೆರೆಯಲ್ಲಿ, ವೋಟು ಬೇಲೂರಿನಲ್ಲಿ

ಬೇಲೂರು ತಾಲೂಕಿನ ಹಳ್ಳಿಗಳು ತುಂಬಿ ತುಳುಕುವುದನ್ನು ನೋಡಬೇಕಾದರೆ ಮತದಾನದ ಹಿಂದಿನ ರಾತ್ರಿ ಬರಬೇಕು. ಬೇರೆ ದಿನ ಬಂದರೆ ಸಿಗುವುದು ಅಜ್ಜ, ಅಜ್ಜಿ, ಎರಡು ನಾಯಿ, ಅದೃಷ್ಟ ಕೆಟ್ಟಿದ್ದರೆ ಒಂದು ಕಾಡಾನೆ. ಆ ಒಂದು ರಾತ್ರಿ ಮಾತ್ರ ನೆಲಮಂಗಲ ದಾಟಿದ ಬಸ್ಸುಗಳು ಕುಣಿಗಲ್, ಚನ್ನರಾಯಪಟ್ಟಣ, ಹಾಸನ ಹಾದು ನಮ್ಮ ಕಡೆಗೇ ಸಾಲುಗಟ್ಟಿ ಬರುತ್ತವೆ. ಬಾಡಿಗೆ ಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ. ಮತದಾರರನ್ನು ಅಭ್ಯರ್ಥಿ ಪುಕ್ಕಟೆ ಬಸ್ಸಲ್ಲಿ ಮತಗಟ್ಟೆಗೆ ಕರೆತರುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಭ್ರಷ್ಟಾಚಾರ. ನಮ್ಮವರು ಆ ಬಸ್ಸಿನ ಮುಂದೆ ಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಡಿಸುತ್ತಾರೆ.

ಇನ್ನು ಮತದಾರರ ಪಟ್ಟಿಯ ವಿಷಯ. 1950ರ ಜನಪ್ರಾತಿನಿಧ್ಯ ಕಾಯ್ದೆ ಬರೆದವರು ಮಲೆನಾಡಿನ ಕಡೆ ಬಂದಿರಲಿಕ್ಕಿಲ್ಲ. ಅದು ಕೇಳುವುದು ತೀರಾ ಸರಳ. ಭಾರತದ ಪ್ರಜೆಯಾಗಿರಬೇಕು, 18 ತುಂಬಿರಬೇಕು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಿರಬೇಕು. ಊರಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಆ ಊರಿನ ನಿವಾಸಿ ಆಗುವುದಿಲ್ಲ ಅಂತ 20ನೇ ಕಲಂ ಬಿಡಿಸಿ ಹೇಳುತ್ತದೆ. ಹಾಗಂತ ನಾಲ್ಕು ದಿನ ಎಲ್ಲಿಗೋ ಹೋಗಿಬಂದರೆ ಹೆಸರು ಹೋಗುವುದಿಲ್ಲ. ತಾತ್ಕಾಲಿಕವಾಗಿ ಊರಲ್ಲಿಲ್ಲದವರಿಗೆ ಮಾಫಿ ಇದೆ.

ನಮ್ಮವರು ಗಟ್ಟಿಯಾಗಿ ಹಿಡಿದುಕೊಂಡಿದ್ದು ಆ ಮಾಫಿಯನ್ನು. ನಮ್ಮ ದೊಡ್ಡಪ್ಪನ ಮಗ ಹುಡುಗನಾಗಿದ್ದಾಗಲೇ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ. ಅಲ್ಲೇ ಹತ್ತಿರದ ಲಗ್ಗೆರೆಯಲ್ಲಿ ಮನೆ ಕಟ್ಟಿದ. ಮಕ್ಕಳ ಮದುವೆ ಅಲ್ಲೇ ಮಾಡಿದ. ಈಗ ರಿಟೈರೂ ಆಗಿದ್ದಾನೆ. ಅವನ ಲೆಕ್ಕದಲ್ಲಿ ಇದೆಲ್ಲ ತಾತ್ಕಾಲಿಕ.

"ಅಣ್ಣ, ವರ್ಷದಲ್ಲಿ ಊರಿಗೆ ಯಾವಾಗ ಬರ್ತೀಯ?" ಅಂದೆ.

"ಜಾತ್ರೆಗೆ ಬರ್ತೀನಿ, ಪಿತೃಪಕ್ಷಕ್ಕೆ ಬರ್ತೀನಿ, ವೋಟಿಗೆ ಬರ್ತೀನಿ. ಇನ್ನೇನಪ್ಪ ಬೇಕು?"

"ಒಂದು ಫಾರಂ ಎಂಟು ತುಂಬಿಸಿ ಕೊಟ್ಟರೆ ಹೆಸರು ಲಗ್ಗೆರೆಗೆ ವರ್ಗ ಆಗುತ್ತಲ್ಲ?"

"ಲಗ್ಗೆರೆಯಲ್ಲೂ ಇದೆ ಕಣೋ."

ಒಬ್ಬರ ಹೆಸರು ಎರಡು ಕ್ಷೇತ್ರದಲ್ಲಿ ಇರಬಾರದು ಅನ್ನುತ್ತದೆ 17ನೇ ಕಲಂ. ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು ಅನ್ನುತ್ತದೆ 31ನೇ ಕಲಂ. ಎರಡನ್ನೂ ಅಣ್ಣನಿಗೆ ಓದಿ ಹೇಳಿದೆ. "ಎರಡೂ ಕಡೆ ಒಂದೇ ದಿನ ವೋಟಿದ್ರೆ ನಾನು ಊರಿಗೇ ಬರೋದು" ಅಂತ ಎದೆ ತಟ್ಟಿಕೊಂಡ. ಬೇರೆ ಬೇರೆ ದಿನ ಇದ್ದರೆ ಏನು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ದೇಶದ ಮೊದಲ ಚುನಾವಣೆಯ ಪಟ್ಟಿ ತಯಾರಿಸುವಾಗ ಲಕ್ಷಗಟ್ಟಲೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಹತ್ತಿರ ಹತ್ತಿರ 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಅವರಿಗೆ ವಾಸ ಇತ್ತು, ಹೆಸರು ಸಿಗಲಿಲ್ಲ. ನಮ್ಮಣ್ಣನಿಗೆ ಹೆಸರು ಎರಡು ಕಡೆ ಇದೆ, ವಾಸ ಎಲ್ಲಿ ಅನ್ನುವುದೇ ತಕರಾರು.

ಊರಲ್ಲಿ ಹೆಸರು ಉಳಿಸಿಕೊಳ್ಳುವ ಈ ಪ್ರೀತಿ ಸುಮ್ನೆ ಹುಟ್ಟಿದ್ದಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೂ ವಿಧಾನಸಭೆಯ ಪಟ್ಟಿಯೇ ಆಧಾರ. ಅಲ್ಲಿ ಐದಾರು ವೋಟಿಗೆ ಗೆದ್ದವರಿದ್ದಾರೆ, ಸಮ ಬಂದು ಚೀಟಿ ಎತ್ತಿ ಸೋತವರೂ ಇದ್ದಾರೆ. ಲಗ್ಗೆರೆಯ ಒಂದು ಕುಟುಂಬ ಅಂದರೆ ನಾಲ್ಕು ವೋಟು. ಅದನ್ನು ಕಾನೂನಿನ ಮಾತು ಕೇಳಿ ಕಳೆದುಕೊಳ್ಳುವಷ್ಟು ದಡ್ಡರು ನಮ್ಮ ಮೆಂಬರುಗಳಲ್ಲ.

ಇವರೆಲ್ಲರ ನಡುವೆ ಸಿಕ್ಕಿಕೊಂಡವರು ಅಂಗನವಾಡಿ ಟೀಚರ್. ಅವರೇ ನಮ್ಮ ಬೂತಿನ ಬಿಎಲ್ಓ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ. ಯಾವ ಮನೆಯಲ್ಲಿ ಯಾರು ಮಲಗುತ್ತಾರೆ, ಯಾರು ಊರು ಬಿಟ್ಟರು, ಯಾರು ತೀರಿಕೊಂಡರು, ಎಲ್ಲ ಅವರಿಗೆ ಗೊತ್ತು. ಮನೆ ಮನೆಗೆ ಹೋಗಿ ಕೇಳುತ್ತಾರೆ. "ನಿಮ್ಮ ಮಗ ಇಲ್ಲೇ ಇದ್ದಾರಾ ದೊಡ್ಡಮ್ಮ?" ಅಂದರೆ ದೊಡ್ಡಮ್ಮ, "ಇಲ್ಲೇ ಇದಾನಮ್ಮ, ಈಗ ತೋಟಕ್ಕೆ ಹೋದ" ಅನ್ನುತ್ತಾರೆ. ತೋಟಕ್ಕೆ ಹೋದವನು ಯುಗಾದಿಗೆ ವಾಪಸ್ ಬರುತ್ತಾನೆ. ಟೀಚರ್ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ನಾಳೆ ಅದೇ ಬೀದಿಯಲ್ಲಿ ಅವರು ಓಡಾಡಬೇಕಲ್ವಾ?

ಊರು ಬಿಟ್ಟವರ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಲೇಬೇಕು ಅಂತ 22ನೇ ಕಲಂನಲ್ಲಿದೆ. ಸತ್ತವರಿಗೆ ಆ ಸವಲತ್ತು ಕೊಟ್ಟಿಲ್ಲ. ನಮ್ಮೂರಿನ ಸತ್ತವರಿಗೆ ಅದರ ಅಗತ್ಯವೂ ಬಿದ್ದಿಲ್ಲ. ಮನೆಯವರು ಹೆಸರು ತೆಗೆಸುವ ಫಾರಂ ಏಳು ಕೊಟ್ಟರೆ ತಾನೆ? ವರ್ಷ ವರ್ಷ ಎಡೆ ಇಡುತ್ತಾರೆ, ಪಟ್ಟಿಯಿಂದ ಮಾತ್ರ ಕಳಿಸಿಕೊಡುವುದಿಲ್ಲ.

ಊರಲ್ಲಿ ನಿಜವಾಗಿ ಮಲಗುವವರು ಎಲ್ಲಿ ಅಂತ ಕೇಳಿದರೆ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳ ಕಡೆ ನೋಡಬೇಕು. ಅಸ್ಸಾಂನಿಂದ ಬಂದವರು, ಬಯಲುಸೀಮೆಯಿಂದ ಬಂದವರು, ಒಂದು ಕೊಯ್ಲಿಗೆ ಬಂದು ಅಲ್ಲೇ ಉಳಿದವರು. ಮಕ್ಕಳು ನಮ್ಮೂರ ಶಾಲೆಗೇ ಹೋಗುತ್ತವೆ, ನಮಗಿಂತ ಚೆನ್ನಾಗಿ ಕನ್ನಡ ಓದುತ್ತವೆ. ಕಾನೂನಿನ ಪ್ರಕಾರ ಇವರೇ ಇಲ್ಲಿನ ನಿವಾಸಿಗಳು. ಹಳೆ ಊರಿನ ಪಟ್ಟಿಯಲ್ಲಿರುವ ತಮ್ಮ ಹೆಸರನ್ನು ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಮನೆಯೇ ಇಲ್ಲದೆ ಬೀದಿಯಲ್ಲಿ ಮಲಗುವವರಿಗೂ ಚುನಾವಣಾ ಆಯೋಗ ದಾರಿ ಮಾಡಿದೆ. ಬಿಎಲ್ಓ ರಾತ್ರಿ ಹೋಗಿ, ಆ ವ್ಯಕ್ತಿ ಅಲ್ಲೇ ಮಲಗುತ್ತಾನಾ ಅಂತ ನೋಡಿ ಬರಬೇಕು. ಇದನ್ನು ಹೇಳಿದಾಗ ನಮ್ಮಣ್ಣ ಕೆರಳಿದ. "ಹೊರಗಿನವರಿಗೆಲ್ಲ ಇಲ್ಲಿ ವೋಟು ಕೊಟ್ಟರೆ ಊರಿನವರು ಎಲ್ಲಿಗೆ ಹೋಗಬೇಕು?" ಅಂತ ಲಗ್ಗೆರೆಯಿಂದ ಫೋನಿನಲ್ಲೇ ಕೂಗಾಡಿದ.

ಸರ್ಕಾರ ತನ್ನ ಕಡೆಯಿಂದ ಬಾಗಿಲು ಅಗಲ ಮಾಡುತ್ತಲೇ ಇದೆ. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷದ ಪಟ್ಟಿ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಸೇರಿವೆ. ಕರಡು ಪಟ್ಟಿ ಪ್ರಕಟಿಸುತ್ತಾರೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ. ಆಗ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ನಾಮಪತ್ರದ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಒಂದು ಹೆಸರೂ ಸೇರದು, ಒಂದೂ ಹೋಗದು. ಸರಿಯಾಗಿ ಅದರ ಮಾರನೇ ದಿನ ಜನರಿಗೆ ಪಟ್ಟಿಯ ನೆನಪಾಗುತ್ತದೆ. ಗುರುತಿನ ಚೀಟಿ ಕೈಯಲ್ಲಿದೆ, ಹೆಸರು ಮಾತ್ರ ಇಲ್ಲ ಅಂತ ಮತಗಟ್ಟೆ ಎದುರು ಗಲಾಟೆ. ಬೈಸಿಕೊಳ್ಳುವುದು ಮತ್ತೆ ಅಂಗನವಾಡಿ ಟೀಚರೇ.

ಊರಲ್ಲಿರದೆಯೂ ಊರಿನ ನಿವಾಸಿಯಾಗಿ ಉಳಿಯಲು ಕಾನೂನೇ ಹೆಸರು ಹಿಡಿದು ಒಪ್ಪಿದ ಒಂದು ಜಾತಿ ಇದೆ. ಅದೇ ಶಾಸಕರು, ಸಂಸದರು. ಹುದ್ದೆಯ ಕೆಲಸಕ್ಕೆ ಕ್ಷೇತ್ರದಿಂದ ದೂರ ಇದ್ದರೆ ಅಧಿಕಾರದ ಅವಧಿ ಮುಗಿಯುವ ತನಕ ಅವರ ವಾಸಕ್ಕೆ ಧಕ್ಕೆ ಇಲ್ಲ ಅಂತ ಅದೇ 20ನೇ ಕಲಂನಲ್ಲಿದೆ. ಇದನ್ನು ಕೇಳಿ ಅಣ್ಣನ ಮುಖ ಅರಳಿತು.

"ಹಾಗಾದ್ರೆ ನಾನೂ ಎಮ್ಮೆಲ್ಲೆಗೆ ನಿಂತರೆ ಹೆಂಗೆ?"

"ನಿಲ್ಲಬಹುದು. ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು."

"ನಂದು ಎರಡರಲ್ಲಿದೆ" ಅಂದ.