ಗೈಡ್ ಬೇಡ ಅಂದರೆ ಬೇಡ

ಬೆಟ್ಟದಲ್ಲಿ ಸೈಕಲ್ ಗೈಡ್ ಆಗಬೇಕಾದರೆ ಲೈಸೆನ್ಸ್ ಬೇಕಾ? ಊರಿನ ಗೆಳೆಯರು ಫೋನ್ ಮಾಡಿದಾಗ ಮೊದಲು ಕೇಳುವ ಪ್ರಶ್ನೆ ಇದೇ. ವಾರವಿಡೀ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಾನು ವಾರಾಂತ್ಯದಲ್ಲಿ ಅಲ್ಲಿನ ಟ್ವೀಡ್ ಕಣಿವೆಗೆ ಹೋಗಿ, ದುಡ್ಡು ತಗೊಂಡು ಎಂಟಿಬಿ, ಅಂದರೆ ಬೆಟ್ಟದ ಸೈಕಲ್ ಸವಾರಿ, ಕಲಿಸುತ್ತೇನೆ ಅಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಸೈಕಲ್ ಹೊಡೆಯೋದನ್ನೂ ದುಡ್ಡು ಕೊಟ್ಟು ಕಲೀತಾರಾ ಅಂತ ನಗುತ್ತಾರೆ. ಒಳಪೆಡ್ಲು ಹೊಡೆದು, ಮೊಣಕಾಲು ತರಚಿಕೊಂಡು, ತಾನಾಗಿಯೇ ಕಲಿತ ತಲೆಮಾರು ನಮ್ಮದು. ನಗುವುದು ಸಹಜ.

ಲೈಸೆನ್ಸಿನ ಪ್ರಶ್ನೆಗೆ ಇಲ್ಲಿನ ಉತ್ತರ ಸ್ವಲ್ಪ ವಿಚಿತ್ರ. ದೊಡ್ಡವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಲು ಬ್ರಿಟನ್ನಿನ ಕಾನೂನು ಯಾವ ಲೈಸೆನ್ಸನ್ನೂ ಕೇಳುವುದಿಲ್ಲ. ಆದರೆ ಕೈಯಲ್ಲಿ ಸರ್ಟಿಫಿಕೇಟ್ ಇಲ್ಲದಿದ್ದರೆ ಕೆಲಸ ಸಿಗುವುದು ಕಷ್ಟ, ವಿಮೆ ಸಿಗುವುದೂ ಕಷ್ಟ. ಸರ್ಕಾರ ಬಾಗಿಲು ತೆರೆದೇ ಇಟ್ಟಿದೆ, ವಿಮೆಯವರು ಬಾಗಿಲಲ್ಲಿ ನಿಂತಿದ್ದಾರೆ ಅನ್ನಬಹುದು.

ಮಕ್ಕಳ ವಿಷಯ ಬೇರೆ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ಬೇಯಲ್ಲಿ ಕಯಾಕ್ ಹಿಡಿದು ಸಮುದ್ರಕ್ಕೆ ಇಳಿದ ಶಾಲಾ ಗುಂಪೊಂದು ಗಾಳಿಗೆ ಸಿಕ್ಕಿತು. ನಾಲ್ಕು ಮಕ್ಕಳು ಸತ್ತರು. ಆ ಸಾಹಸ ಕೇಂದ್ರದಲ್ಲಿ ಮುಂಚೆ ಕೆಲಸ ಮಾಡಿದ್ದವರು ಇಲ್ಲಿನ ಸುರಕ್ಷತೆ ಸರಿಯಿಲ್ಲ ಅಂತ ಪತ್ರ ಬರೆದು ಎಚ್ಚರಿಸಿ, ಕೆಲಸವನ್ನೇ ಬಿಟ್ಟುಹೋಗಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ ಕಂಪನಿಯ ಮೇಲೂ ಅದರ ಯಜಮಾನನ ಮೇಲೂ ಅಪರಾಧ ಸಾಬೀತಾಗಿ, ಆತ ಜೈಲಿಗೆ ಹೋದ. 1995ರಲ್ಲಿ ಹೊಸ ಕಾನೂನು ಬಂತು. ಅದರ ಪ್ರಕಾರ ತಂದೆ ತಾಯಿ ಜೊತೆಗಿಲ್ಲದ 18ರೊಳಗಿನ ಮಕ್ಕಳನ್ನು ದುಡ್ಡು ತಗೊಂಡು ಇಂಥ ಕಡೆ ಕರೆದೊಯ್ಯುವ ಸಂಸ್ಥೆಗೆ ಲೈಸೆನ್ಸ್ ಕಡ್ಡಾಯ. ಬೆಟ್ಟದ ಸೈಕಲ್ಲೂ ಇದರಲ್ಲಿ ಸೇರಿದೆ. ಯಾವ ಜಾಗ ಇದರಡಿ ಬರುತ್ತದೆ ಅನ್ನೋದನ್ನು ತೀರ್ಮಾನಿಸುವ ರೀತಿ ನನಗೆ ಬಹಳ ಇಷ್ಟ. ಬಯಲು ಗುಡ್ಡವಾಗಿರಬೇಕು ಅಥವಾ 600 ಮೀಟರ್‌ಗಿಂತ ಎತ್ತರದ ಬೆಟ್ಟವಾಗಿರಬೇಕು, ಜೊತೆಗೆ ಅಲ್ಲಿಂದ ರಸ್ತೆಗೋ ಆಸರೆಗೋ ನಡೆದು ಬರಲು 30 ನಿಮಿಷಕ್ಕಿಂತ ಜಾಸ್ತಿ ಹಿಡಿಯಬೇಕು. ಕಿಲೋಮೀಟರ್ ಲೆಕ್ಕ ಇಲ್ಲ, ನಡಿಗೆಯ ಲೆಕ್ಕ. ಕಾಲರ್ ಬೋನ್ ಮುರಿದುಕೊಂಡವನು ಸೈಕಲ್ ಹೊಡೆದುಕೊಂಡು ವಾಪಸ್ ಬರುವುದಿಲ್ಲ ಅಲ್ವಾ?

ಈಗ ಸರ್ಟಿಫಿಕೇಟಿನ ವಿಷಯ. ಗುಂಪನ್ನು ಕ್ಷೇಮವಾಗಿ ಕರೆದುಕೊಂಡು ಹೋಗಿ ವಾಪಸ್ ತರುವುದು ಒಂದು ಕೆಲಸ. ಹೊಡೆಯುವುದನ್ನು ಕಲಿಸುವುದು ಇನ್ನೊಂದು. ಮೊದಲನೆಯದಕ್ಕೆ ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆಯ ಲೀಡರ್ ಕೋರ್ಸುಗಳಿವೆ. ಎರಡನೆಯದಕ್ಕೆ ಕೆನಡಾದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹರಡಿರುವ, ಬೆಟ್ಟದ ಸೈಕಲ್ ಕಲಿಸುವವರ ಸಂಸ್ಥೆಯಾದ ಪಿಎಂಬಿಐಎ ಹೆಸರುವಾಸಿ. ಅದರ ಮೊದಲ ಹಂತ ಮೂರು ದಿನದ್ದು. ಹೊಸಬರಿಗೆ ಸುಲಭದ ಟ್ರೇಲ್‌ಗಳಲ್ಲಿ, ಅಂದರೆ ಗುಡ್ಡದ ಸೈಕಲ್ ದಾರಿಗಳಲ್ಲಿ, ಕಲಿಸಲು ಅಷ್ಟು ಸಾಕು, ಕಷ್ಟದ ಟ್ರೇಲ್‌ಗೆ ಮುಂದಿನ ಹಂತಗಳಿವೆ. ಎರಡೂ ದಾರಿಗೆ ಪ್ರಥಮ ಚಿಕಿತ್ಸೆ ಬೇಕೇ ಬೇಕು. ಸಾಮಾನ್ಯವಾಗಿ 16 ಗಂಟೆಯ ಹೊರಾಂಗಣ ಕೋರ್ಸ್ ಮಾಡಿ, ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು.

ಈ ಕೋರ್ಸುಗಳಿಗೆ ಹೋಗುವ ಗಟ್ಟಿ ಸವಾರರಿಗೆ ಮೊದಲ ದಿನವೇ ಒಂದು ಪೆಟ್ಟು ಬೀಳುತ್ತದೆ. ಅವರ ವೇಗ ಯಾರಿಗೂ ಬೇಕಾಗಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಹೊಸಬರಿಗೆ ಕಲಿಸುವ ಮೊದಲ ಪಾಠ ನಿಲ್ಲುವ ಭಂಗಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ಸೀಟಿನಿಂದ ಮೇಲೆದ್ದು, ಮೊಣಕೈ ಮೊಣಕಾಲು ಬಾಗಿಸಿ, ಭಾರ ಪಾದದ ಮೇಲೆ, ಕೈ ಹಗುರ, ಒಂದೊಂದೇ ಬೆರಳು ಬ್ರೇಕಿನ ಮೇಲೆ, ಕಣ್ಣು ದೂರಕ್ಕೆ. ಇಷ್ಟೇ. ಇದನ್ನು ಕೋಚ್ ನಡೆಯುವ ವೇಗದಲ್ಲಿ ಮಾಡಿ ತೋರಿಸಬೇಕು. ಜೋರಾಗಿ ಹೋಗುವಾಗ ಸೈಕಲ್ಲೇ ನೆಟ್ಟಗೆ ನಿಂತುಬಿಡುತ್ತದೆ. ನಿಧಾನಕ್ಕೆ ಹೋಗುವಾಗ ಮೈಯ ಪ್ರತಿಯೊಂದು ತಪ್ಪೂ ಎದ್ದು ಕಾಣುತ್ತದೆ. ಚೆನ್ನಾಗಿ ಹೊಡೆಯುವ ಎಷ್ಟೋ ಜನ ಇಲ್ಲೇ ತಡವರಿಸುತ್ತಾರೆ. ತಾವು ಹೇಗೆ ಮಾಡುತ್ತೇವೆ ಅನ್ನೋದು ಅವರಿಗೇ ಗೊತ್ತಿರುವುದಿಲ್ಲ.

ಆಮೇಲೆ ಕಲಿಯುವವರ ಸರದಿ. ಟ್ವೀಡ್ ಕಣಿವೆಯ ಗ್ಲೆಂಟ್ರೆಸ್ ಕಾಡಿನಲ್ಲಿ ಹೊಸಬರಿಗಾಗಿಯೇ ಮಾಡಿದ ಸುಲಭ ಜಾಗದಲ್ಲಿ ನಿಂತು ನೋಡುತ್ತೀರಿ. ಇಳಿಜಾರು ಬಂದ ಕೂಡಲೇ ಒಬ್ಬರ ಮೊಣಕೈ ನೆಟ್ಟಗಾಗುತ್ತದೆ, ಸೊಂಟ ಹಿಂದಿನ ಚಕ್ರದ ಮೇಲೆ ಹೋಗಿ ಕೂರುತ್ತದೆ. ಹಿಂದೆ ಸರಿದಷ್ಟೂ ಕ್ಷೇಮ ಅಂತ ಮನಸ್ಸು ಹೇಳುತ್ತಿರುತ್ತದೆ. ಆದರೆ ಮುಂದಿನ ಚಕ್ರದ ಮೇಲೆ ಭಾರವೇ ಇಲ್ಲದೆ ಅದು ಹಿಡಿತ ಬಿಡುತ್ತದೆ, ತಿರುವಿನಲ್ಲಿ ಜಾರುತ್ತದೆ. ನೀವು ‘ಮುಂದೆ ಬನ್ನಿ, ಮೊಣಕೈ ಬಾಗಿಸಿ, ದೂರ ನೋಡಿ, ಬ್ರೇಕ್ ಬಿಡಿ’ ಅಂತ ನಾಲ್ಕು ಮಾತು ಒಟ್ಟಿಗೆ ಕೂಗಿದರೆ ಆ ವ್ಯಕ್ತಿ ಒಂದನ್ನೂ ಮಾಡುವುದಿಲ್ಲ. ಒಂದೇ ಮಾತು ಆರಿಸಬೇಕು. ಹಿಮ್ಮಡಿ ಕೆಳಗೆ ಒತ್ತಿ ಅಂತ ಹೇಳಿ ನೋಡಿ. ಎಷ್ಟೋ ಸಲ ಸೊಂಟ, ಮೊಣಕೈ ಎರಡೂ ತಾವಾಗಿಯೇ ಸರಿಯಾಗುತ್ತವೆ. ಯಾವ ಒಂದು ಮಾತು ಅಂತ ಆರಿಸುವುದೇ ಕೋಚಿನ ಕಸುಬು. ಪರೀಕ್ಷಕರು ನೋಡುವುದೂ ಅದನ್ನೇ.

ಲೀಡರ್ ಪರೀಕ್ಷೆಯ ರುಚಿ ಬೇರೆ. ಹೊರಡುವ ಮುಂಚೆ ಎಲ್ಲರ ಸೈಕಲ್ಲನ್ನೂ ಇಂಗ್ಲಿಷಿನ ಎಂ ಅಕ್ಷರ ಬರೆದಂತೆ ಪರೀಕ್ಷೆ ಮಾಡಬೇಕು. ಮುಂದಿನ ಚಕ್ರದ ನಡುವಿನಿಂದ ಹ್ಯಾಂಡಲ್‌ಗೆ ಏರಿ, ಅಲ್ಲಿಂದ ಪೆಡಲ್ ಅಚ್ಚಿಗೆ ಇಳಿದು, ಸೀಟಿಗೆ ಏರಿ, ಹಿಂದಿನ ಚಕ್ರಕ್ಕೆ ಇಳಿಯುವುದು. ಇಷ್ಟು ಮಾಡಿದರೆ ಸಡಿಲ ಅಚ್ಚು, ಸವೆದ ಬ್ರೇಕ್ ಪ್ಯಾಡ್, ಅಲುಗಾಡುವ ಹ್ಯಾಂಡಲ್ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಗುಡ್ಡದ ಮೇಲೆ ಪರೀಕ್ಷಕರು ತಟ್ಟನೆ ನಿಲ್ಲಿಸಿ, ಇವನ ಚೈನ್ ತುಂಡಾಗಿದೆ, ಅವಳು ನಡುಗುತ್ತಿದ್ದಾಳೆ, ಮಳೆ ಬರುತ್ತಿದೆ, ಈಗೇನು ಮಾಡುತ್ತೀಯ ಅನ್ನುತ್ತಾರೆ. ಚೈನ್‌ಗೆ ಕೈ ಹಾಕಿದರೆ ಹೋಯಿತು. ಮೊದಲು ಎಲ್ಲರನ್ನೂ ಟ್ರೇಲ್‌ನಿಂದ ಪಕ್ಕಕ್ಕೆ ಸರಿಸಿ, ಬ್ಯಾಗಿನಿಂದ ಶೆಲ್ಟರ್, ಅಂದರೆ ಗುಂಪಿಗೆಲ್ಲ ಹೊದಿಸುವ ಗುಡಾರದಂಥ ಬಟ್ಟೆ, ತೆಗೆದು ತಲೆ ಮೇಲೆ ಎಳೆದುಕೊಂಡು ಕೂರಿಸಬೇಕು. ಸ್ಕಾಟ್ಲೆಂಡಿನಲ್ಲಿ ಜನ ಬಿದ್ದು ಸಾಯುವುದಕ್ಕಿಂತ ಒದ್ದೆಯಾಗಿ ಸುಮ್ನೆ ನಿಂತು ಹೆಪ್ಪುಗಟ್ಟುವ ಭಯವೇ ನನಗೆ ಜಾಸ್ತಿ.

ಆದರೆ ಈ ಕಾಗದದ ನಿಜವಾದ ಉಪಯೋಗ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಇಳಿದ ಮೇಲೆ. ಇದು ಗೈಡಿಗೆ ‘ಬೇಡ’ ಅನ್ನುವ ಧೈರ್ಯ ಕೊಡುತ್ತದೆ. ದುಡ್ಡು ಕೊಟ್ಟು ಬಂದ ನಾಲ್ಕು ಜನ ಗೆಳೆಯರು ಅಷ್ಟು ಕಷ್ಟವಲ್ಲದ ನೀಲಿ ಗುರುತಿನ ಟ್ರೇಲ್‌ನಲ್ಲೇ ಎಡವುತ್ತಿದ್ದರೂ ಕಷ್ಟದ ಕೆಂಪಿಗೆ ಹೋಗೋಣ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಮುಖ ಸಪ್ಪೆಯಾಗುತ್ತದೆ, ಆದರೆ ಜಗಳ ಇಲ್ಲ. ನನ್ನ ಸರ್ಟಿಫಿಕೇಟ್, ನನ್ನ ವಿಮೆ ಇಷ್ಟಕ್ಕೇ ಅಂತ ಹೇಳಿದರೆ ಮಾತು ಮುಗಿಯಿತು. ನನಗೆ ಕೆಲಸ ಕೊಟ್ಟ ಯಜಮಾನನೂ ಮೇಲೆ ಬಿದ್ದು ಒತ್ತಾಯ ಮಾಡುವುದಿಲ್ಲ, ಲೈಮ್ ಬೇ ಎಲ್ಲರಿಗೂ ನೆನಪಿದೆ.

ನಮ್ಮ ಕಡೆ? ಕುದುರೆಮುಖದ ತಪ್ಪಲಲ್ಲಿ, ಕೊಡಗಿನಲ್ಲಿ ಚಾರಣಕ್ಕೆ ಬರುವ ಊರಿನ ಗೈಡ್ ಹುಡುಗರಿಗೆ ಗೊತ್ತಿರುವುದರಲ್ಲಿ ಕಾಲು ಭಾಗವೂ ನನಗೆ ಟ್ವೀಡ್ ಕಣಿವೆಯ ಬಗ್ಗೆ ಗೊತ್ತಿಲ್ಲ. ಮಳೆ ಯಾವ ದಿಕ್ಕಿನಿಂದ ಬರುತ್ತದೆ, ಯಾವ ಹಳ್ಳ ಅರ್ಧ ಗಂಟೆಯಲ್ಲಿ ಏರುತ್ತದೆ, ಆನೆ ಸಂಜೆ ಯಾವ ದಾರಿಯಲ್ಲಿ ದಾಟುತ್ತದೆ ಅನ್ನೋದು ಅವರಿಗೆ ಗೊತ್ತು. ಯಾವ ಕೆನಡಾದ ಕೋರ್ಸೂ ಆನೆ ಬಗ್ಗೆ ಒಂದು ಸಾಲು ಹೇಳುವುದಿಲ್ಲ. ಆದರೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ‘ಇನ್ನೊಂಚೂರು ಮುಂದೆ ಹೋಗೋಣ ಬಾರಪ್ಪ’ ಅಂದರೆ ಆ ಹುಡುಗ ಬೇಡ ಅನ್ನಲಾರ. ಅನ್ನುತ್ತಾನೆ, ಮತ್ತೆ ಹೋಗುತ್ತಾನೆ. ಸಂಜೆ ಸಿಗುವ ಟಿಪ್ಸ್ ಅವರ ಕೈಯಲ್ಲಿರುತ್ತದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಫೋಟೋಗಳನ್ನು ನೀವೂ ನೋಡಿರಬಹುದು. ಆಮೇಲೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಮಿತಿ ತಂದರು. ಒಳ್ಳೆಯದೇ. ಆದರೆ ಬೇಡ ಅನ್ನುವ ಅಧಿಕಾರ ಗೇಟಿಗೆ ಬಂತೇ ಹೊರತು ಗೈಡಿಗೆ ಬರಲಿಲ್ಲ. ಗೇಟು ದಾಟಿದ ಮೇಲೆ ಮತ್ತೆ ಅದೇ ‘ಬಾರಪ್ಪ’.

ಹಾಗಂತ ಇಲ್ಲಿನ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಹೋಗಿ ಇಡಬೇಕು ಅಂತ ನಾನು ಹೇಳುತ್ತಿಲ್ಲ. ಕೋರ್ಸ್, ಪರೀಕ್ಷೆ, ಪ್ರಥಮ ಚಿಕಿತ್ಸೆ, ವಿಮೆ ಎಲ್ಲ ಸೇರಿದರೆ ನೂರಾರು ಪೌಂಡ್ ಆಗುತ್ತದೆ. ಬೇರೆ ಸಂಬಳ ಇರುವ ನನ್ನಂಥವರಿಗೆ ಸರಿ. ಇದನ್ನೇ ನಂಬಿ ಬದುಕುವ ಹುಡುಗ ಹುಡುಗಿಯರಿಗೆ ಭಾರ. ಫ್ರಾನ್ಸಿನಲ್ಲಿ ಇನ್ನೂ ಬಿಗಿ. ಅಲ್ಲಿ ದುಡ್ಡು ತಗೊಂಡು ಸೈಕಲ್ ಗೈಡ್ ಕೆಲಸ ಮಾಡಲು ಸರ್ಕಾರ ಒಪ್ಪಿದ ಡಿಪ್ಲೊಮಾ, ಜೇಬಿನಲ್ಲಿ ವೃತ್ತಿಯ ಗುರುತಿನ ಚೀಟಿ ಎರಡೂ ಬೇಕು. ಆಲ್ಪ್ಸ್‌ಗೆ ಬ್ರಿಟನ್ನಿನ ಕಾಗದ ಹಿಡಿದು ಹೋದವರು ಅದು ನಡೆಯುವುದಿಲ್ಲ ಅಂತ ತಿಳಿದು ಪೇಚಾಡಿದ್ದಾರೆ. ಫ್ರೆಂಚರ ದಾರಿಯಲ್ಲಿ ಗೈಡಿಗೆ ಮರ್ಯಾದೆ ಇದೆ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಅದನ್ನು ತಂದರೆ ಮೊದಲು ಹೊರಗುಳಿಯುವವನು ಆನೆ ದಾರಿ ಗೊತ್ತಿರುವ ಆ ಹುಡುಗನೇ. ಡಿಗ್ರಿ ಇರುವವರು ಚೀಟಿ ತಗೊಳ್ಳುತ್ತಾರೆ, ಅವನು ಅವರ ಬ್ಯಾಗ್ ಹೊರುತ್ತಾನೆ.

ಇನ್ನೊಂದು ವ್ಯತ್ಯಾಸ ನೆಲದ್ದು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣೆ ಕಾಯ್ದೆಯಿಂದಾಗಿ ಜವಾಬ್ದಾರಿಯಿಂದ ಇರುವುದಾದರೆ ಹೆಚ್ಚುಕಡಿಮೆ ಎಲ್ಲ ಗುಡ್ಡದಲ್ಲೂ ಸೈಕಲ್ ಹೊಡೆಯಬಹುದು. ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ಕಾಲುದಾರಿಯಲ್ಲಿ ಆ ಹಕ್ಕಿಲ್ಲ. ಕುದುರೆ ಹೋಗುವ ದಾರಿಯಲ್ಲಿ 1968ರಿಂದ ಇದೆ, ಅದೂ ನಡೆಯುವವರಿಗೆ, ಕುದುರೆಯವರಿಗೆ ದಾರಿ ಬಿಟ್ಟುಕೊಟ್ಟು. ನಮ್ಮಲ್ಲಿ ಕಾಡು ಅಂದರೆ ಅರಣ್ಯ ಇಲಾಖೆ, ಮೊದಲು ಅನುಮತಿ. ಹಾಗಾಗಿ ಚಿಕ್ಕಮಗಳೂರು, ಕೊಡಗಿನಲ್ಲಿ ಎಂಟಿಬಿ ಅಂದರೆ ಬಹುಪಾಲು ತೋಟದ ದಾರಿ, ಮಣ್ಣು ರಸ್ತೆ. ಗೈಡಿಂಗ್ ಅಲ್ಲೇ ಶುರುವಾಗಲಿ, ತಪ್ಪೇನಿಲ್ಲ. ತೋಟದ ಮಾಲೀಕ, ಗೈಡ್, ಹತ್ತಿರದ ಆಸ್ಪತ್ರೆ ಮೂರೂ ಒಬ್ಬರಿಗೊಬ್ಬರು ಗೊತ್ತಿರುವ ಜಾಗ ಅದು.

ಕಲಿಸುವವರು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಬೆಂಗಳೂರಲ್ಲ, ಬಯಲುಸೀಮೆ. ವಿಜಯಪುರ, ಬಾಗಲಕೋಟೆ, ಗದಗದ ಹುಡುಗ ಹುಡುಗಿಯರು ಎಷ್ಟೋ ವರ್ಷದಿಂದ ದೇಶಕ್ಕೆ ಸೈಕಲ್ ಪದಕ ತರುತ್ತಿದ್ದಾರೆ. 2021ರಲ್ಲಿ ರಾಷ್ಟ್ರೀಯ ಎಂಟಿಬಿ ಸ್ಪರ್ಧೆ ನಡೆದದ್ದೂ ಗದಗದಲ್ಲೇ. ರೇಸ್ ಮುಗಿದ ಮೇಲೆ ಅವರ ಮುಂದೆ ಇರುವುದು ರೈಲ್ವೆಯ ಕೆಲಸ, ಸೇನೆ, ಇಲ್ಲದಿದ್ದರೆ ಹೊಲ. ಕೋಚ್ ಆಗಬೇಕೆಂದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಅದು ಪದಕ ಗೆಲ್ಲುವವರನ್ನು ತಯಾರು ಮಾಡಲು. ನಲವತ್ತು ದಾಟಿದ ಬ್ಯಾಂಕ್ ಉದ್ಯೋಗಿಯೊಬ್ಬರಿಗೆ ಕಲ್ಲಿನ ಮೆಟ್ಟಿಲಲ್ಲಿ ಸೈಕಲ್ ಇಳಿಸುವ ಭಯ ಬಿಡಿಸಲು ಬೇರೆಯೇ ಒಂದು ತರಬೇತಿ ಬೇಕು, ಅದು ಕನ್ನಡದಲ್ಲಿ ಇರಬೇಕು. ಮೂರು ದಿನ ಸಾಕು ಅಂತ ಕೆನಡಾದವರು ತೋರಿಸಿದ್ದಾರೆ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಆಗಲೇ ಇದೆ, ಹೊಸ ಕಟ್ಟಡ ಕಟ್ಟುವ ಅಗತ್ಯವೂ ಇಲ್ಲ.

ಆ ತರಬೇತಿಯ ಜೊತೆಗೆ ಗೈಡಿಗೆ ಬೇಕಾದದ್ದು ಇಷ್ಟು: ಎರಡು ದಿನ ಪ್ರಥಮ ಚಿಕಿತ್ಸೆ, ಒಬ್ಬ ಅನುಭವಿಯ ಹಿಂದೆ ಕೆಲವು ಸವಾರಿ, ಅದನ್ನೆಲ್ಲ ಬರೆದಿಟ್ಟ ಒಂದು ಪುಸ್ತಕ. ಓದು ಕಡಿಮೆ ಇರುವವನಿಗೆ ಬಾಯಿಮಾತಿನ ಪರೀಕ್ಷೆ. ಊರಿನವನಿಗೆ ಕಾಡಿನ ಜ್ಞಾನಕ್ಕೆ ಅಂಕ, ಹೊರಗಿನವನಿಗೆ ಅದೇ ವಿಷಯದಲ್ಲಿ ಕಠಿಣ ಪರೀಕ್ಷೆ. ಇದಿಷ್ಟಕ್ಕೆ ದೊಡ್ಡ ಕಾನೂನು ಬೇಕಾಗಿಲ್ಲ. ಬೇಕಾಗಿರುವುದು ದುಡ್ಡಿನ ವ್ಯವಸ್ಥೆ. ಗೈಡಿನ ದಿನದ ಕೂಲಿ ಬುಕಿಂಗ್ ಮಾಡುವಾಗಲೇ ಪೂರ್ತಿ ಬಂದಿರಬೇಕು, ಅರ್ಧ ದಾರಿಯಿಂದ ವಾಪಸ್ ಬಂದರೂ ಒಂದು ಪೈಸೆ ಕಡಿಮೆಯಾಗಬಾರದು. ರಸೀದಿಯ ಮೇಲೆಯೇ, ದಪ್ಪ ಅಕ್ಷರದಲ್ಲಿ, ವಾಪಸ್ ಹೊರಡುವ ತೀರ್ಮಾನ ಗೈಡಿನದು ಅಂತ ಅಚ್ಚು ಹಾಕಬೇಕು. ಚಾರಣದ ಆನ್‌ಲೈನ್ ಬುಕಿಂಗ್ ಈಗಾಗಲೇ ಇದೆಯಲ್ಲ, ಆ ಒಂದು ಸಾಲನ್ನು ಅಲ್ಲಿಂದಲೇ ಶುರು ಮಾಡಬಹುದು.