‘ವಾಸ್ ಗೋಯಿಂಗ್’ ಅಂದಿದ್ದಕ್ಕೆ ಇಷ್ಟು ನಗುವಾ?

ನಿನ್ನೆಯಿಂದ ತಲೆ ಕೆಟ್ಟಿದೆ, ಇಲ್ಲಿ ಕಾರಿಕೊಂಡುಬಿಡ್ತೀನಿ.

ಗೋಡೌನಲ್ಲಿ ಸ್ಟಾಕ್ ನೋಡಿಕೊಳ್ಳೋ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಕೇಳೋಕೆ ಕೂತ ಮೂವರಲ್ಲಿ ನಾನೂ ಒಬ್ಬ. ಕೆಲಸ ಕೇಳಿ ಬಂದವನು ಹಾಸನದ ಕಡೆ ಹುಡುಗ, ಹೊಸ ಶರ್ಟಿನ ಮಡಿಕೆ ಗೆರೆ ಕೂಡ ಹೋಗಿರಲಿಲ್ಲ. ಸ್ಕೂಲಿನ ಮಾತು ಬಂದಾಗ, ‘ಡೈಲಿ ಐ ವಾಸ್ ಗೋಯಿಂಗ್ ಎಯ್ಟ್ ಕಿಲೋಮೀಟರ್ಸ್ ಬೈ ಸೈಕಲ್’ ಅಂದ. ನನ್ನ ಪಕ್ಕದ ಮಹಾನುಭಾವರು ತುಟಿ ಕಚ್ಚಿಕೊಂಡು ಕೇಳಿದ್ರು: ‘ಆಂಡ್ ಡಿಡ್ ಯು ರೀಚ್?’

ಅಲ್ಲ ಸ್ವಾಮಿ, ಇದರಲ್ಲಿ ಅವನ ತಪ್ಪೇನು? ‘ನೀನು ಫೋನ್ ಮಾಡಿದಾಗ ಆಫೀಸಿಗೆ ಹೋಗ್ತಿದ್ದೆ’ ಅಂತೀವಿ. ‘ಚಿಕ್ಕವನಿದ್ದಾಗ ದಿನಾ ಸೈಕಲ್ಲಲ್ಲಿ ಹೋಗ್ತಿದ್ದೆ’ ಅಂತಲೂ ಅಂತೀವಿ. ದಾರಿಯಲ್ಲಿದ್ದವನಿಗೂ ಅದೇ ‘ಹೋಗ್ತಿದ್ದೆ’, ವರ್ಷಗಟ್ಟಲೆ ತುಳಿದವನಿಗೂ ಅದೇ. ಇಂಗ್ಲಿಷಿನವರಿಗೆ ಮಾತ್ರ ಎರಡಕ್ಕೂ ಬೇರೆ ಬೇರೆ ಪಾತ್ರೆ ಬೇಕು: ಮೊದಲನೆಯದಕ್ಕೆ, ಅಂದ್ರೆ ಇನ್ನೂ ದಾರಿಯಲ್ಲಿದ್ದವನಿಗೆ, ‘ವಾಸ್ ಗೋಯಿಂಗ್’ (ಅದಕ್ಕೇ ‘ತಲುಪಿದೆಯಾ?’ ಅನ್ನೋ ಜೋಕು), ಎರಡನೆಯದಕ್ಕೆ ‘ಯೂಸ್ಡ್ ಟು ಗೋ’, ಇಲ್ಲವೇ ಬರೀ ‘ವೆಂಟ್’. ಇದನ್ನ ನಮಗೆ ಯಾರು ಹೇಳಿದ್ರು? ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ‘ಹೋಗುತ್ತಿದ್ದೆನು’ ಅಂತ ಬರೆದು, ಎದುರಿಗೆ ‘ವಾಸ್ ಗೋಯಿಂಗ್’ ಅಂತ ಬರೆದು, ಚಾಕ್‌ಪೀಸ್ ಪುಡಿ ಒರೆಸಿಕೊಂಡು ಮುಂದಿನ ಕಾಲಕ್ಕೆ ಹೋದ್ರು. ಹುಡುಗ ಅದನ್ನೇ ನಂಬಿದ್ದಾನೆ, ಪಾಪ.

‘ಇಂಗ್ಲಿಷ್ ಸರಿ ಇರಬೇಕಲ್ವಾ, ನಾಳೆ ಕಸ್ಟಮರ್ ಹತ್ರ ಮಾತಾಡಬೇಕು’ ಅಂತ ಯಾರಾದ್ರೂ ಕಾಮೆಂಟಲ್ಲಿ ಬರ್ತೀರಿ, ಗೊತ್ತು. ಯಾವ ಕಸ್ಟಮರ್ರೀ? ಗೋಡೌನಲ್ಲಿ ಅವನು ಮಾತಾಡಬೇಕಾಗಿರೋದು ಲಾರಿ ಡ್ರೈವರ್ ಮತ್ತೆ ಹಮಾಲರ ಜೊತೆ. ಇನ್ನು ‘ಇಂಗ್’ ಹಚ್ಚಿದ್ದೇ ತಪ್ಪು ಅಂತೀರಾ? ‘ಲವ್’ಗೂ ‘ಇಂಗ್’ ಹಚ್ಚಬಾರದು ಅಂತ ಗ್ರಾಮರ್ ಪುಸ್ತಕ ಹೇಳುತ್ತೆ. ಮೆಕ್‌ಡೊನಾಲ್ಡ್ಸ್‌ನವರು 2003ರಲ್ಲಿ ‘ಐಯಾಮ್ ಲವಿನ್ ಇಟ್’ ಅಂತ ಪ್ರಪಂಚದ ತುಂಬಾ ಬೋರ್ಡ್ ಹಾಕಿದ್ರಲ್ಲ, ‘ಡಿಡ್ ಯು ಫಿನಿಶ್ ಇಟ್?’ ಅಂತ ಕೇಳಿದ ಗಂಡಸು ಯಾರು? ಬರ್ಗರ್ ಮಾರೋನು ಮಾಡಿದ್ರೆ ಸ್ಟೈಲು, ಹಾಸನದ ಹುಡುಗ ಮಾಡಿದ್ರೆ ಜೋಕು.

ಇಷ್ಟು ಬರೆಯೋ ನಾನೇನು ದೊಡ್ಡ ಮನುಷ್ಯ ಅಲ್ಲ. ಆ ಜೋಕಿಗೆ ನಾನೂ ನಕ್ಕೆ. ಜೋರಾಗಲ್ಲ, ಮೂಗಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿ, ಕೆಲಸಕ್ಕೆ ಸೇರಿ ನಾಲ್ಕು ವರ್ಷ ‘ಐ ವಾಸ್ ಸ್ಟೇಯಿಂಗ್ ಇನ್ ಹಾಸ್ಟೆಲ್ ಫಾರ್ ಫೈವ್ ಇಯರ್ಸ್’ ಅಂತ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ ನಾನು! ಹಾಳೆಯಲ್ಲಿ ‘ಕಮ್ಯುನಿಕೇಶನ್’ ಅನ್ನೋ ಕಾಲಮ್ಮಿಗೆ ಹತ್ತಕ್ಕೆ ನಾಲ್ಕು ಹಾಕಿದ್ದೂ ಇದೇ ಕೈ.

ಹುಡುಗನಿಗೆ ಅದು ಜೋಕು ಅಂತಲೇ ಹೊಳೀಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ‘ಯೆಸ್ ಸರ್, ಬಿಫೋರ್ ಪ್ರೇಯರ್ ಐ ವಾಸ್ ರೀಚಿಂಗ್’ ಅಂದ.